ಕಾಣದ ದೃಷ್ಟಿಬೊಟ್ಟು

ಕಪ್ಪಗಿದ್ದವರ ಮನೆಯಲ್ಲಿ ನಗೆಗೆ ಬರವಿಲ್ಲ, ಬಂದವರೆಲ್ಲ ಒಂದಿಷ್ಟು ಕೊಟ್ಟೇ ಹೋಗುತ್ತಾರೆ. ನಾನು ಕಪ್ಪು. ನನ್ನ ಮೊಮ್ಮಗಳು ನನಗಿಂತ ಒಂದು ಕೈ ಮೇಲೆ. ಮಂಗಳೂರಲ್ಲಿ ಕೇಳಿದ್ದನ್ನೇ ಮಸ್ಕತ್ತಿನಲ್ಲೂ ಕೇಳುತ್ತಾ ಇದ್ದೇನೆ. ಇಲ್ಲಿ ಎಸಿಯಲ್ಲಿ ಕೂತು ಕೇಳುವುದು, ಅಷ್ಟೇ ವ್ಯತ್ಯಾಸ.

೧. ತೊಟ್ಟಿಲು

ಸೊಸೆಯ ಬಾಣಂತನಕ್ಕೆ ಅಂತ ಮಸ್ಕತ್ತಿನ ಅಲ್ ಖುವೈರ್‌ಗೆ ಬಂದವಳು ನಾನು, ಇಲ್ಲಿಯೇ ಉಳಿದೆ. ನಾಮಕರಣದ ದಿನ ಮಗುವಿನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಡುತ್ತಿದ್ದೆ. ಸೊಸೆಯ ಚಿಕ್ಕಮ್ಮ, ಮೈಸೂರಿನವರು, ಬಗ್ಗಿ ನೋಡಿ, "ಇದಕ್ಯಾಕ್ರೀ ಬೊಟ್ಟು? ಇಟ್ರೆ ಕಾಣಿಸ್ಬೇಕಲ್ಲ!" ಎಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಗು ಮಾತ್ರ ಅತ್ತಿತು. ಅವತ್ತು ಆ ಮನೆಯಲ್ಲಿ ಬುದ್ಧಿ ಇದ್ದದ್ದು ಅದೊಂದಕ್ಕೇ.

೨. ಮೇಲಿನ ಮನೆಯವರು

ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಅಮೆರಿಕದ ಇಬ್ಬರು ಟೀಚರಮ್ಮಗಳು. ಒಬ್ಬಳು ಬಿಳಿ, ಒಬ್ಬಳು ನಮ್ಮ ಬಣ್ಣ. ಶುಕ್ರವಾರ ರಜೆ ಬಂತೆಂದರೆ ನಮ್ಮ ಬಣ್ಣದವಳು ನನ್ನ ಹತ್ತಿರ ತಲೆಗೆ ಎಣ್ಣೆ ಹಾಕಿಸಿಕೊಳ್ಳಲು ಬರುತ್ತಾಳೆ. ಅವರ ಇಂಗ್ಲಿಷನ್ನು ನನಗೆ ತಿಳಿಸುವುದು ಈಗ ದೊಡ್ಡವಳಾದ ಮೊಮ್ಮಗಳ ಕೆಲಸ.

ಒಂದು ಶುಕ್ರವಾರ ಇಬ್ಬರಿಗೂ ಜಗಳ ಹತ್ತಿತು. ಬಿಳಿಯವಳು, "ಗಂಡಸರ ಕಣ್ಣಿಗೋಸ್ಕರ ನಾವು ಯಾಕೆ ಸಿಂಗರಿಸಿಕೊಳ್ಳಬೇಕು? ನಾನು ಎಲ್ಲ ಬಿಟ್ಟೆ, ಬಿಡುಗಡೆ ಆಯಿತು" ಎಂದಳು.

ನಮ್ಮ ಬಣ್ಣದವಳು ಬಿಟ್ಟಾಳಾ? "ನಿನ್ನ ಅಜ್ಜಿಗೆ ಸಿಂಗರಿಸಿಕೊಂಡು ಸಾಕಾಯಿತು. ನನ್ನ ಅಜ್ಜಿಗೆ ನಿಮ್ಮಂಥವರ ಮನೆ ಒರೆಸಿ ಒರೆಸಿ ತನ್ನ ತಲೆ ಬಾಚಲು ಪುರುಸೊತ್ತೇ ಆಗಲಿಲ್ಲ. ಈ ಕೂದಲು ನೋಡಿಯೇ ನನಗೆ ಕೆಲಸ ಇಲ್ಲ ಅಂದವರಿದ್ದಾರೆ. ಕೂತು ಜಡೆ ಹೆಣೆಸಿಕೊಳ್ಳುವುದೇ ನನ್ನ ಬಿಡುಗಡೆ!"

ಬಿಳಿಯವಳು ನನ್ನ ಕಡೆ ಕೈ ತೋರಿಸಿದಳು. "ಈ ಅಜ್ಜಿಯನ್ನು ನೋಡು. ಕುಂಕುಮ ಇಲ್ಲ, ಹೂವಿಲ್ಲ, ಬಳೆ ಇಲ್ಲ. ಸ್ವತಂತ್ರ ಹೆಂಗಸು ಅಂದರೆ ಇವರು!"

"ಹೌದಂತ ಹೇಳು ಮಗಾ," ಅಂದೆ ಮೊಮ್ಮಗಳಿಗೆ. "ನಿನ್ನ ಅಜ್ಜ ಸತ್ತ ಹದಿಮೂರನೇ ದಿನ ನಾಲ್ಕು ಜನ ಹಿಡಿದು ಕೂರಿಸಿ ನನಗೆ ಸ್ವಾತಂತ್ರ್ಯ ಕೊಟ್ಟರು."

೩. ಮಹಿಳಾ ದಿನ

ಆ ಜಗಳ ಮೊಮ್ಮಗಳ ತಲೆಯಲ್ಲಿ ಕೂತಿತು. ಹದಿನಾಲ್ಕು ವರ್ಷಕ್ಕೆ ಮೊದಲ ಸಲ ವೇದಿಕೆ ಹತ್ತಲು ಒಪ್ಪಿದಳು. ನಮ್ಮವರ ಸಂಘದ ಮಹಿಳಾ ದಿನದಲ್ಲಿ ಭಾಷಣ, 'ನನ್ನ ಬಣ್ಣ ನನ್ನದು' ಅಂತ. ಒಂದು ತಿಂಗಳು ಕನ್ನಡಿಯ ಮುಂದೆ ನಿಂತು ಕಲಿತಳು. ಅದೇ ಕನ್ನಡಿಗೆ ಅವಳು ಮೊದಲು ಬೆನ್ನು ಹಾಕಿ ತಲೆ ಬಾಚುತ್ತಿದ್ದವಳು.

ಸಭಾಂಗಣದ ಬಾಗಿಲಲ್ಲಿ ಅವಳದ್ದೇ ದೊಡ್ಡ ಪೋಸ್ಟರ್. ಮುಖ ಮಾತ್ರ ಮೈದಾ ಹಿಟ್ಟು!

"ಐ ವೋಂಟ್ ಗೋ ಇನ್, ಅಜ್ಜಿ. ಅದು ನಾನಲ್ಲ." ಹುಡುಗಿ ಅಲ್ಲೇ ನಿಂತುಬಿಟ್ಟಳು, ಕಣ್ಣಲ್ಲಿ ನೀರು.

ಅಧ್ಯಕ್ಷೆ ಓಡಿ ಬಂದರು. "ಸ್ವಲ್ಪ ಬ್ರೈಟ್ ಮಾಡಿಸಿದ್ದು ಅಮ್ಮಾ, ಬೇಜಾರು ಮಾಡ್ಬೇಡಿ. ಸ್ಪಾನ್ಸರ್ ಬೆಳ್ಳಗಾಗುವ ಕ್ರೀಮಿನವರಲ್ವಾ?"

ನಾನು ಚೀಲದಿಂದ ಕಾಡಿಗೆ ಡಬ್ಬಿ ತೆಗೆದು ಪೋಸ್ಟರಿನ ಕೆನ್ನೆಗೆ ಒಂದು ಬೊಟ್ಟಿಟ್ಟೆ. ಚೆಂದ ಕಂಡಿತು. ಇನ್ನೊಂದು ಕೆನ್ನೆಗೂ ಇಟ್ಟೆ. ಆಮೇಲೆ ಹಣೆ, ಮೂಗು, ಗಲ್ಲ.

"ಅಯ್ಯಯ್ಯೋ, ಎಂತ ಮಾಡ್ತಾ ಇದ್ದೀರಿ ಅಮ್ಮಾ!" ಎಂದರು ಅಧ್ಯಕ್ಷೆ.

"ದೃಷ್ಟಿಬೊಟ್ಟು ಮಾರಾಯ್ತಿ. ಈ ಮಗುವಿಗೆ ಇಟ್ಟರೆ ಕಾಣುವುದಿಲ್ಲ ಅಂತ ತೊಟ್ಟಿಲಲ್ಲೇ ಹೇಳಿದ್ರು. ಇವತ್ತು ಕಾಣ್ತದೆ. ಸ್ವಲ್ಪ ದೊಡ್ಡದಾಯ್ತು, ಅಷ್ಟೇ."

ಮೊಮ್ಮಗಳು ಕಣ್ಣೊರೆಸಿಕೊಂಡು ಪೋಸ್ಟರನ್ನು ಮೇಲಿಂದ ಕೆಳಗೆ ನೋಡಿದಳು. ಡಬ್ಬಿಗೆ ಬೆರಳದ್ದಿದಳು.

"ಅಜ್ಜಿ, ಕಿವಿ ಬಿಟ್ಟಿದ್ದೀರಿ," ಅಂದಳು. ಅದನ್ನೂ ಬಳಿದು, ಅದೇ ಕೈಯಲ್ಲಿ ಮೈಕ್ ಹಿಡಿಯಲು ಒಳಗೆ ಹೋದಳು.