ಏನೂ ಮುಟ್ಟಿಲ್ಲ ಸಾರ್!

ಡಾಕ್ಟರ ಮುಂದೆ ರೋಗಿ ಬಾಯಿಬಿಟ್ಟು ಹೇಳ್ತಾನೆ. ನನ್ನ ರೋಗಿಗೆ ಬಾಯೇ ಇಲ್ಲ, ಮಾತೆಲ್ಲ ನೆಂಟರದ್ದು. ಹಾಗಾಗಿ ವಾರಕ್ಕೊಂದಾದರೂ ಪೇಚಾಟ ನನಗೆ ಗಂಟುಬೀಳುತ್ತೆ.

ನಾನು ನೋಡೋದು ನೆಟ್‌ವರ್ಕ್ ಸ್ವಿಚ್ಚು. ಗೋಡೆ ಮೇಲೆ ಟಪ್ ಅನ್ನಿಸೋದಲ್ಲ ಸ್ವಾಮಿ. ಆಫೀಸಿನ ಕಂಪ್ಯೂಟರ್ ತಂತಿಗಳೆಲ್ಲ ಬಂದು ಸೇರೋ, ಸಣ್ಣ ಸಣ್ಣ ದೀಪ ಮಿಣುಕೋ ಕಬ್ಬಿಣದ ಪೆಟ್ಟಿಗೆ. ಅದು ಕೆಟ್ಟಾಗ ಯಾವ ದೀಪ ಉರೀತಿತ್ತು, ಯಾವಾಗಿಂದ ತೊಂದರೆ, ಯಾರು ಏನು ಮುಟ್ಟಿದ್ರು, ಎಲ್ಲಾನೂ ವಿಚಾರಿಸಿ ಫಾರಂ ತುಂಬಬೇಕು. ಆಷಾಢದಲ್ಲಿ ನಮ್ಮ ಮ್ಯಾನೇಜರ್ ಮೇಡಂ ಕರೆದು, "ಇನ್ನು ಮೂರು ಸಲ ಖಾಲಿ ಫಾರಂ ತಂದ್ರೆ ನೀವೂ ಬರೋದು ಬೇಡ" ಅಂದ್ಬಿಟ್ರು.

೧. ಫೋಟೋ

ವೈಟ್‌ಫೀಲ್ಡಿನ ಒಂದು ಆಫೀಸಿನಿಂದ ಫೋನ್. ಅಲ್ಲಿನ ಆಡಳಿತ ನೋಡ್ಕೊಳ್ಳೋ ಮೇಡಂ. "ಅರ್ಧ ಆಫೀಸಿಗೆ ಇಂಟರ್‌ನೆಟ್ ಇಲ್ಲ ಸಾರ್."

"ಸ್ವಿಚ್ಚಿನ ಒಂದು ಫೋಟೋ ಕಳ್ಸಿ ಮೇಡಂ, ದೀಪ ಕಾಣೋ ಹಾಗೆ."

ಮುಕ್ಕಾಲು ಗಂಟೆ ಬಿಟ್ಟು ಫೋಟೋ ಬಂತು. ಪಳಪಳ ಒರೆಸಿದ ಸ್ವಿಚ್ಚು, ಮೇಜಿನ ಮೇಲೆ. ಪಕ್ಕದಲ್ಲಿ ಇಪ್ಪತ್ನಾಲ್ಕೂ ತಂತಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಾರೆ! ಯಾವ ತಂತಿ ಎಲ್ಲಿತ್ತೋ ಆ ಭಗವಂತನಿಗೇ ಗೊತ್ತು.

"ಅಯ್ಯೋ, ಯಾಕೆ ಮೇಡಂ ಬಿಚ್ಚಿದ್ರಿ?"

"ದೀಪಕ್ಕೆ ಅಡ್ಡ ಬರ್ತಿತ್ತಲ್ಲ ಸಾರ್. ಆದ್ರೆ ನೀವು ಡೌಟ್ ಪಟ್ಟಿದ್ದು ಸರಿ. ನೋಡಿ, ಒಂದು ದೀಪಾನೂ ಉರೀತಿಲ್ಲ, ಪೂರ್ತಿ ಕೆಟ್ಟಿದೆ. ನಾವಂತೂ ಏನೂ ಮುಟ್ಟಿಲ್ಲ!"

೨. ಕೆಂಪು

ಜಿಗಣಿಯಲ್ಲಿ ಒಬ್ಬ ಯಜಮಾನರು. ಹೊಲ ಇದ್ದ ಕಡೆ ಶೆಡ್ ಹಾಕಿ ಫ್ಯಾಕ್ಟರಿ ನಡೆಸ್ತಾರೆ. ಫೋನಲ್ಲೇ ಗಾಬರಿ: "ಎಲ್ಲಾ ದೀಪಾನೂ ಕೆಂಪಗವೆ ಕಣಪ್ಪ! ಒಂದೂ ಬಿಟ್ಟಿಲ್ಲ!"

ಎಲ್ಲಾ ಕೆಂಪು ಅಂದ್ರೆ ಕಥೆ ಮುಗೀತು ಅಂತ ಹೊಸ ಸ್ವಿಚ್ಚನ್ನ ಬೈಕಿಗೆ ಕಟ್ಕೊಂಡು ಓಡಿದೆ. ನೋಡಿದರೆ ಅವತ್ತು ಅಮಾವಾಸ್ಯೆ ಪೂಜೆ. ಒಂದೊಂದು ದೀಪಕ್ಕೂ ನೀಟಾಗಿ ಕುಂಕುಮ! ಫಾರಂಗೆ ಬೇಕಾದ ನಂಬರಿನ ಸ್ಟಿಕ್ಕರ್ ಮೇಲೆ ಮೂರು ಬೆರಳಗಲ ವಿಭೂತಿ.

ಬಟ್ಟೆ ತೆಗೆದೆ. ಯಜಮಾನರು ಕೈ ಹಿಡ್ಕೊಂಡರು. "ಅಮಾಸೆ ದಿನ ಅಂಗೆಲ್ಲ ಒರೆಸ್ಬಾರ್ದು ಕಣಪ್ಪ. ನಾಳೆ ಬಾ. ಒಂದಿನ ಕೆಟ್ಟಿದ್ರೆ ಏನೂ ಆಗಲ್ಲ."

೩. ಸೋಮವಾರ

ಎರಡು ಫಾರಂ ಖಾಲಿ. ಉಳಿದಿದ್ದು ಪೀಣ್ಯದ ಒಂದು ಕಾರ್ಖಾನೆ. ಅಲ್ಲಿ ದಿನಾ ಹನ್ನೆರಡಕ್ಕೆ ನೆಟ್‌ವರ್ಕ್ ಸಾಯುತ್ತೆ, ಊಟ ಆದಮೇಲೆ ತಾನೇ ಎದ್ದು ಕೂರುತ್ತೆ. ನಾನು ಹೇಳಿ ಹೋದ ದಿನ ಮಾತ್ರ ಮಗು ಥರ ಸುಮ್ಮನಿರುತ್ತೆ. ಮಾಲೀಕರು ಬೇರೆ, "ಇದನ್ನ ಸರಿ ಮಾಡದಿದ್ರೆ ಈ ವರ್ಷದ ರಿಪೇರಿ ಕಾಂಟ್ರಾಕ್ಟಿಗೆ ಸೈನ್ ಹಾಕಲ್ಲ" ಅಂತ ನಮ್ಮ ಮ್ಯಾನೇಜರ್ ಮೇಡಂಗೇ ಹೇಳಿದ್ದರು. ಹೆಂಡತಿಗೆ ಹೇಳೋಕೂ ಧೈರ್ಯ ಬರಲಿಲ್ಲ. ನಿಜವಾಗಲೂ ಹೆದರಿದ್ದೆ.

ಕೊನೆಗೆ ಒಂದು ಹಳೇ ಲ್ಯಾಪ್‌ಟಾಪನ್ನ ಸ್ವಿಚ್ಚಿಗೆ ಸೇರಿಸಿ, ವಾರವೆಲ್ಲ ಅದರ ಯೋಗಕ್ಷೇಮ ಬರೆದುಕೊಳ್ಳೋಕೆ ಬಿಟ್ಟೆ. ಓದಿದರೆ ವಿಚಿತ್ರ. ಬೆಳಗ್ಗೆ ಹತ್ತರಿಂದ ಸ್ವಿಚ್ಚಿಗೆ ಜ್ವರ ಏರುತ್ತೆ, ಹನ್ನೆರಡಕ್ಕೆ ಪ್ರಜ್ಞೆ ತಪ್ಪುತ್ತೆ, ಒಂದಕ್ಕೆ ಇಳಿಯುತ್ತೆ. ಸೋಮವಾರ ಮಾತ್ರ ಜ್ವರವೇ ಇಲ್ಲ!

ಸ್ವಿಚ್ಚು ಇದ್ದ ಸ್ಟೋರ್ ರೂಮು ನೋಡ್ಕೊಳ್ಳೋರು ವಿಜಯಪುರದ ಕಡೆಯವರು. ಫೋನ್ ಮಾಡಿ ಕೇಳಿದೆ. "ಸೋಮವಾರ ಅಲ್ಲಿ ಏನು ವಿಶೇಷ ಅಣ್ಣ?"

"ಏನಿಲ್ರೀ ಸರ, ನಾವು ಏನೂ ಮುಟ್ಟಿಲ್ರೀ. ಶ್ರಾವಣ ಸೋಮವಾರ ಅಲ್ರೀ, ನಮ್ದು ಎಲ್ಲಾರದೂ ಒಪ್ಪತ್ತು."

ಉಪವಾಸಕ್ಕೂ ನೆಟ್‌ವರ್ಕಿಗೂ ಎತ್ತಣ ಸಂಬಂಧ? ಮಾರನೇ ದಿನ ಹೇಳದೆ ಕೇಳದೆ ಹನ್ನೊಂದೂವರೆಗೆ ನುಗ್ಗಿದೆ. ಸ್ವಿಚ್ಚಿನ ಮೇಲೆ ಎಂಟು ಊಟದ ಡಬ್ಬಿ! ಬಿಸಿ ಹೋಗಬಾರದು ಅಂತ ಮೇಲೊಂದು ದಪ್ಪ ಟವೆಲ್ ಬೇರೆ.

"ಇದೇನ್ರೀ ಇದು?"

"ಪೆಟ್ಟಿಗಿ ಬೆಚ್ಚಗ ಇರ್ತದ್ರೀ ಸರ, ರೊಟ್ಟಿ ಮೆತ್ತಗ ಆಗ್ತಾವು. ನೀವು ಬರ್ತೀರಂದ್ರ ತೆಗದಿಡ್ತೀವಿ. ನಿಮ್ಮಂಥ ಸಾಹೇಬ್ರ ಮುಂದ ಡಬ್ಬಿ ಇಡೂದು ಚಂದ ಅಲ್ಲ ನೋಡ್ರಿ."

"ಮತ್ತೆ ಏನೂ ಮುಟ್ಟಿಲ್ಲ ಅಂದ್ರಲ್ಲ!"

"ಅದನ್ನ ಯಾರು ಮುಟ್ಯಾರ್ರೀ? ಮ್ಯಾಲ ಇಟ್ಟೀವಿ ಅಷ್ಟ."

ಬದುಕಿದೆ! ಫಾರಂ ಭರ್ತಿ ಮಾಡಿಕೊಟ್ಟೆ. ಬೆಂದು ಬಸವಳಿದಿದ್ದ ಹಳೇದನ್ನ ಕಿತ್ತು, ಒಳಗೇ ಫ್ಯಾನ್ ಇರೋ ಹೊಸ ಸ್ವಿಚ್ಚು ಹಾಕಿದೆ. ವಾರ ಬಿಟ್ಟು ಕಾಂಟ್ರಾಕ್ಟ್ ಹಿಡ್ಕೊಂಡು ಎದೆಯುಬ್ಬಿಸಿ ಮಾಲೀಕರ ಮುಂದೆ ನಿಂತೆ.

"ನೆಟ್‌ವರ್ಕ್ ಸೂಪರ್ ಕಣ್ರೀ," ಅಂದರು. "ಆದ್ರೆ ಸೈನ್ ಹಾಕಲ್ಲ."

"ಯಾಕೆ ಸಾರ್?"

"ನಿಮ್ಮ ಹೊಸದು ಬಿಸೀನೇ ಆಗಲ್ವಲ್ರೀ! ವಾರದಿಂದ ತಣ್ಣಗಿನ ಊಟ. ಆ ಎಂಟನೇ ಡಬ್ಬಿ ಯಾರದು ಅಂದ್ಕೊಂಡಿದ್ರಿ? ನಂದು!"

ನಮ್ಮ ಆಫೀಸಿಗೆ ಓಡಿ, ಗುಜರಿ ರಾಶಿಯಿಂದ ಹಳೇ ಸ್ವಿಚ್ಚು ಎಳೆದು ತಂದೆ. ಹೊಸದರ ಪಕ್ಕದಲ್ಲಿಟ್ಟು, ಒಂದೂ ನೆಟ್‌ವರ್ಕ್ ತಂತಿ ಸೇರಿಸದೆ ಕರೆಂಟ್ ಮಾತ್ರ ಕೊಟ್ಟೆ. ಮಾಲೀಕರು ಅರ್ಧ ಗಂಟೆ ಕಾದು, ಅದರ ಬೆನ್ನ ಮೇಲೆ ಅಂಗೈ ಇಟ್ಟು ನೋಡಿ, "ಹಾಂ" ಅಂದು ಪೆನ್ನು ತೆಗೆದರು. ಸೈನ್ ಹಾಕೋ ಮುಂಚೆ ಕೆಳಗೆ ತಾವೇ ಎರಡು ಸಾಲು ಸೇರಿಸಿದರು. ನೆಟ್‌ವರ್ಕಿನ ಸ್ವಿಚ್ಚು ಕೆಟ್ಟರೆ ಮಾರನೇ ದಿನ ಬಂದರೂ ಸಾಕು. ಊಟದ ಸ್ವಿಚ್ಚು ಕೆಟ್ಟರೆ ಒಂದು ಗಂಟೆಯೊಳಗೆ ಬರತಕ್ಕದ್ದು.