ಹುಳದ ಮನೆಗೊಂದು ಜೇಬಿನ ಬ್ಯಾಟ್ರಿ

ಮನುಷ್ಯ ಹೊಲ ಕೊಳ್ಳಲಿ, ಎತ್ತು ಕೊಳ್ಳಲಿ, ಯಾರೂ ಏನೂ ಕೇಳೋದಿಲ್ಲ. ಒಂದು ಪುಟ್ಟ ಬ್ಯಾಟ್ರಿ ಕೊಳ್ಳೋಕೆ ಹೊರಡಲಿ, ಆಗ ನೋಡಿ! ಶಿಡ್ಲಘಟ್ಟದಿಂದ ಗೌರಿಬಿದನೂರಿನವರೆಗೂ ಒಬ್ಬೊಬ್ಬನೂ ಅಡ್ಡ ಬಂದು ನಿಲ್ಲುತ್ತಾನೆ. ನನಗೆ ಇಂಥವು ಆಗುತ್ತಲೇ ಇರುತ್ತವೆ. ಯಾವುದರಲ್ಲೂ ತಪ್ಪು ನನ್ನದಲ್ಲ. ಇದನ್ನ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಆ ಕಡೆಯವರ ಮಾತು ಕೇಳಿ ಕೆಡಬೇಡಿ. ಬ್ಯಾಟ್ರಿ ಅಂದರೆ ಟಾರ್ಚು. ನಮ್ಮ ಸಾದಲಿ ಕಡೆ ಅದನ್ನ ಟಾರ್ಚು ಅನ್ನುವವನು ಒಂದೋ ಮೇಷ್ಟ್ರು, ಇಲ್ಲಾ ಸುಳ್ಳುಗಾರ.

ಮೊಳದುದ್ದದ್ದು

ನನ್ನ ಹಳೇ ಬ್ಯಾಟ್ರಿ ಮೂರು ಸೆಲ್ಲಿಂದು. ಮೊಳದುದ್ದ ಇತ್ತು. ಅದರ ಬೆಳಕಿನ ಮಾತು ಕೇಳಿ. ಒಂದು ಸಂಜೆ ಹಿಪ್ಪುನೇರಳೆ ಸೊಪ್ಪಿನ ತೋಟಕ್ಕೆ ಕಾಡುಹಂದಿ ನುಗ್ಗಿತ್ತು. ಬ್ಯಾಟ್ರಿಯನ್ನ ಬದುವಿನ ಮೇಲಿಟ್ಟು ಹಂದಿಯ ಮುಖಕ್ಕೆ ಸರಿಯಾಗಿ ಬೆಳಕು ಬಿಟ್ಟೆ. ಹಂದಿ ಕಣ್ಣು ಮುಚ್ಚಿಕೊಂಡು ಕೂತುಬಿಟ್ಟಿತು. ನಾನು ಅದರ ಸುತ್ತಲೂ ಸೊಪ್ಪು ಕುಯ್ದೆ, ಹೊರೆ ಕಟ್ಟಿದೆ, ಮನೆಗೆ ಹೋಗಿ ಮುದ್ದೆ ಉಂಡು ಬಂದೆ. ಬ್ಯಾಟ್ರಿ ಆರಿಸಿದ ಮೇಲೇ ಅದು ಎದ್ದು ಹೋಗಿದ್ದು. ನಂಬಿಕೆ ಇಲ್ಲದವರು ಹಂದಿಯನ್ನೇ ಕೇಳಿ.

ಇನ್ನು ರೇಷ್ಮೆ ಹುಳ ಸಾಕೋ ಮನೆ. ಅಲ್ಲಿ ಕಿಟಕಿಗೆಲ್ಲ ಗೋಣಿ ಇಳಿಬಿಟ್ಟಿರುತ್ತಾರೆ, ಹಗಲಲ್ಲೂ ಮಬ್ಬು. ನನ್ನ ಕಣ್ಣಿಗೇನೂ ಆಗಿಲ್ಲ. ಈಗಿನ ಕತ್ತಲೆಗೆ ಮೊದಲಿನ ಹದ ಇಲ್ಲ, ಅಷ್ಟೇ. ಹಾಗಾಗಿ ಬ್ಯಾಟ್ರಿ ಹಿಡಿದೇ ಒಳಗೆ ಹೋಗುತ್ತಿದ್ದೆ. ಒಂದು ದಿನ ಅದು ಕೈ ಜಾರಿ ಹುಳದ ತಟ್ಟೆ ಮೇಲೆ ಬಿತ್ತು. ಸಾಯಬೇಕಾದ ಹುಳಗಳು ಸತ್ತವು. ನನ್ನ ಹೆಂಡತಿ ಬಂದು ನೋಡಿದಳು.

"ಇದು ಹುಳದ ಮನೆ. ಒನಕೆ ಹಿಡ್ಕೊಂಡು ಬರೋ ಜಾಗ ಅಲ್ಲ. ಅಂಗಿ ಜೇಬಲ್ಲಿ ಕೂರೋ ಅಂಥ ಬ್ಯಾಟ್ರಿ ತಂದ್ರೆ ಒಳಗೆ. ಇಲ್ದಿದ್ರೆ ಹೊರಗೆ."

"ಈ ಮನೆ ಕಟ್ಟಿದ್ದು ಯಾರು? ಇಡೀ ಹೋಬಳಿಗೆ ಹುಳ ಸಾಕೋದು ಹೇಳಿಕೊಟ್ಟಿದ್ದು ಯಾರು?"

"ಕಟ್ಟಿದ್ದು ನೀವೇ. ಹೊರಗಿಂದ ನೋಡ್ಕೊಳಿ, ಚೆನ್ನಾಗೈತೆ."

ಎಂಥಾ ಅವಮಾನ! ಹುಳಗಳ ಪರವಾಗಿ ಮಾತಾಡೋಕೆ ಅವಳಿದ್ದಳು. ಅಷ್ಟು ವರ್ಷ ಸೊಪ್ಪು ಹಾಕಿ ಸಾಕಿದ ನನ್ನ ಪರವಾಗಿ ಒಂದು ಹುಳವಾದರೂ ತಲೆ ಎತ್ತಬೇಕಲ್ಲ!

ಕತ್ತಲೆ ಇಲ್ಲದ ಅಂಗಡಿ

ಮಾರನೇ ದಿನವೇ ಶಿಡ್ಲಘಟ್ಟಕ್ಕೆ ಹೋದೆ. ರೇಷ್ಮೆ ಗೂಡಿನ ಮಾರ್ಕೆಟ್ಟಿನ ಹತ್ತಿರದ ಬೀದಿಯಲ್ಲಿ ಒಂದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಅಂಗಡಿಯವನು ಹೆಬ್ಬೆರಳು ಗಾತ್ರದ ಒಂದು ಎಲ್‌ಇಡಿ ಬ್ಯಾಟ್ರಿ ತೆಗೆದ. ಮಟಮಟ ಮಧ್ಯಾಹ್ನ. ಅದನ್ನ ಬೀದಿ ಕಡೆ ತಿರುಗಿಸಿ ಒತ್ತಿದ.

"ನೋಡಿ ತಾತ, ಹೆಂಗೈತೆ ಬೆಳಕು!"

"ಇದು ಸೂರ್ಯಂದು ಕಣಪ್ಪ. ನಿನ್ನದು ಯಾವುದು ತೋರಿಸು."

"ಬಿಸಿಲಲ್ಲಿ ಕಾಣಲ್ಲ ತಾತ. ಮನೆಗೆ ತಗೊಂಡೋಗಿ ನೋಡಿ."

ಅದು ಹೇಗೆ? ಹುಣಸೆಹಣ್ಣು ಕೊಳ್ಳುವಾಗ ಬಾಯಿಗೆ ಹಾಕಿ ನೋಡೋದಿಲ್ಲವೇ? ಕುರಿ ಕೊಳ್ಳುವಾಗ ಬೆನ್ನು ಹಿಡಿದು ನೋಡೋದಿಲ್ಲವೇ? ಬ್ಯಾಟ್ರಿ ಮಾರುವವನು ಒಂದು ಹಿಡಿ ಕತ್ತಲೆ ಇಟ್ಟುಕೊಂಡಿರಬೇಕು ತಾನೇ? ನಾನು ಬಿಡಲಿಲ್ಲ. "ಷಟರ್ ಇಳಿಸು" ಅಂದೆ. ಅವನು ತಲೆ ಚಚ್ಚಿಕೊಂಡು ಷಟರ್ ಎಳೆದ. ಒಳಗೆ ನಾವಿಬ್ಬರೂ ಗೋಡೆ, ಸೂರು, ಒಬ್ಬರ ಮುಖ ಇನ್ನೊಬ್ಬರು ನೋಡಿಕೊಂಡೆವು. ಬೆಳಕು ಪರವಾಗಿಲ್ಲ, ಆದರೆ ಅಂಚಿನಲ್ಲಿ ಹಳದಿ. ಬೇಡ ಅಂದೆ.

ಷಟರ್ ಎತ್ತಿದರೆ ಬೀದಿ ಭಣಭಣ. ಈ ಷಟರ್ ಇಳಿದದ್ದು ನೋಡಿ ಪಕ್ಕದ ಪಾತ್ರೆ ಅಂಗಡಿಯವನು ಇಳಿಸಿದ್ದ, ಅವನನ್ನ ನೋಡಿ ಬಟ್ಟೆಯವನು, ಬಟ್ಟೆಯವನನ್ನ ನೋಡಿ ಬೀದಿಗೆ ಬೀದಿಯೇ! ಎದುರುಗಡೆ ಬೀಡಾ ಅಂಗಡಿಯವನು ಮಾತ್ರ ಅರ್ಧ ಇಳಿಸಿ, ಬಗ್ಗಿ ಮೆಲ್ಲಗೆ ಕೇಳಿದ: "ಯಾವ ಪಾರ್ಟಿದಣ್ಣ ಬಂದ್?"

ದೊಡ್ಡ ದೊಡ್ಡ ಲೀಡರುಗಳು ಮೈಕು ಕಟ್ಟಿಕೊಂಡು, ಕೈ ಮುಗಿದು ಬೇಡಿದರೂ ಆ ಬೀದಿ ಪೂರ್ತಿ ಮುಚ್ಚಿದ್ದಿಲ್ಲ. ನಾನು ಹೆಬ್ಬೆರಳಷ್ಟು ಬ್ಯಾಟ್ರಿಯಲ್ಲಿ ಮುಚ್ಚಿಸಿದೆ, ಅದನ್ನೂ ಕೊಳ್ಳದೆ!

ಕೈವಾರದ ತಿರುವಿನಲ್ಲಿ

ಚಿಂತಾಮಣಿಯಲ್ಲಿ ಬಸ್ ಸ್ಟ್ಯಾಂಡಿನ ಹೊರಗೆ ತಳ್ಳುಗಾಡಿಯವನೊಬ್ಬ ಸಿಕ್ಕ. ಅವನ ಹತ್ತಿರ ಕತ್ತಲೆ ಇತ್ತು. ಮಂಕರಿ ಬೋರಲು ಹಾಕಿ ಮೇಲೆ ಕಂಬಳಿ ಹೊದಿಸಿದ್ದ, ಗಿರಾಕಿ ತಲೆ ತೂರಿಸಿ ನೋಡಬೇಕು. ಬುದ್ಧಿವಂತ! ತಲೆ ತೂರಿಸಿದೆ, ಬೆಳಕು ಹಾಲಿನ ಹಾಗಿತ್ತು, ಕೊಂಡೆ. ಆದರೆ ಆ ಮೋಸಗಾರ ಒಂದು ಮಾತು ಹೇಳಲಿಲ್ಲ. ಅದನ್ನ ಒಂದು ಸಲ ಒತ್ತಿದರೆ ಜೋರು ಬೆಳಕು, ಇನ್ನೊಂದು ಸಲ ಒತ್ತಿದರೆ ಮಂದ, ಮತ್ತೆ ಒತ್ತಿದರೆ ಹುಚ್ಚು ಹಿಡಿದವನ ಹಾಗೆ ಪಟಪಟ ಮಿನುಗೋದು. ಆರಿಸೋದು ಎಲ್ಲಿ? ಅದನ್ನ ಮಾಡಿದವನಿಗೇ ಗೊತ್ತಿರಲಿಕ್ಕಿಲ್ಲ.

ಕೈವಾರದಲ್ಲಿ ಸ್ವಾಮಿ ದರ್ಶನ ಮಾಡಿಕೊಂಡು ಹೊರಟಾಗ ಸಂಜೆ ಮಬ್ಬಾಗಿತ್ತು. ತಿರುವಿನಲ್ಲಿ ಬಸ್ಸಿಗೆ ಕಾಯುತ್ತಾ ಜೇಬಿಂದ ಬ್ಯಾಟ್ರಿ ತೆಗೆದೆ. ಮಿನುಗೋಕೆ ಶುರುವಾಯಿತು. ಒತ್ತಿದೆ, ಕುಟ್ಟಿದೆ, ತಲೆಗಿಂತ ಮೇಲೆ ಎತ್ತಿ ಹಿಡಿದು ಅಲ್ಲಾಡಿಸಿದೆ. ಅಷ್ಟರಲ್ಲಿ ಎದುರಿಂದ ಬರುತ್ತಿದ್ದ ಬೈಕುಗಳು ಒಂದೊಂದಾಗಿ ತಿರುಗಿ ವಾಪಸ್ಸು ಹೋಗತೊಡಗಿದವು! ಹೆಲ್ಮೆಟ್ ಇಲ್ಲದವರು, ಮೂವರು ಕೂತವರು, ಎಲ್ಲರೂ. ನಾನು ಹಾಕಿದ್ದು ಖಾಕಿ ಅಂಗಿ, ಚಳಿಗೆ ಅಂತ. ಒಬ್ಬ ಮಾತ್ರ ತಿರುಗಿಸಲಾರದೆ ಗಾಡಿ ನಿಲ್ಲಿಸಿ, ದೂರದಿಂದಲೇ ಕೈ ಜೋಡಿಸಿಕೊಂಡು ಬಂದ.

"ಸಾರ್, ಸಾರ್, ಈ ಒಂದ್ಸಲ ವದಿಲೇಯಂಡಿ ಸಾರ್. ಹೆಲ್ಮೆಟ್ ಮನೇಲೈತೆ, ತಪ್ಪಾಯ್ತು ಸಾರ್."

ಬಿಟ್ಟುಬಿಡಿ ಅಂತ ತೆಲುಗು ಕನ್ನಡ ಎರಡರಲ್ಲೂ ಬೇಡಿಕೊಳ್ಳುತ್ತಾ ಹತ್ತಿರ ಬಂದವನ ಮುಖಕ್ಕೆ ಬೆಳಕು ಬಿತ್ತು. ಯಾರು ಅಂತೀರಿ? ನನ್ನ ಬಾಮೈದ, ಹೆಂಡತಿಯ ತಮ್ಮ!

"ಥೂ, ನೀವಾ ಭಾವ?" ಅಂದ.

ಮದುವೆಯಲ್ಲಿ ಕಾಲು ತೊಳೆಯುವಾಗಲೂ ನನಗೆ ಸರಿಯಾಗಿ ಕೈ ಮುಗಿಯದ ಮನುಷ್ಯ. ಬ್ಯಾಟ್ರಿಗೆ ಕೊಟ್ಟ ದುಡ್ಡು ಅಲ್ಲೇ ವಸೂಲಾಯಿತು.

ಆದರೆ ಅವನು ಸುಮ್ಮನಿದ್ದನೇ? ನಾನು ಬಸ್ಸಿಳಿಯೋದರೊಳಗೆ ಅಕ್ಕನಿಗೆ ಫೋನು ಮಾಡಿದ್ದ. ಅವಳು ಬಾಗಿಲಲ್ಲೇ ನಿಂತಿದ್ದಳು. "ಕುಣಿಯೋ ಬ್ಯಾಟ್ರಿ ಹುಳದ ಮನೆಗೆ ಬೇಡ" ಅಂದಳು. ಮತ್ತೆ ನಾನು ಹೊರಗೆ.

ಅಳಿಯನ ಸಾವಿರ ಸಾಕ್ಷಿಗಳು

ಗೌರಿಬಿದನೂರಿನಲ್ಲಿ ಮಗಳ ಮನೆ, ಅಲ್ಲಿಗೆ ಹೋದೆ. ಅಳಿಯ ಸಂಬಳದವನು, ಎಲ್ಲಾ ಫೋನಿನಲ್ಲೇ ತರಿಸುತ್ತಾನೆ, ಉಪ್ಪನ್ನೂ ಸಹ. ಭಾನುವಾರ ಬೆಳಗ್ಗಿಂದ ಫೋನು ಉಜ್ಜುತ್ತಾ ಕೂತ. ಇದಕ್ಕೆ ಇಷ್ಟು ಲ್ಯೂಮೆನ್ ಬೆಳಕು, ಅದಕ್ಕೆ ಅಷ್ಟು, ಇದು ಮಳೆಗೆ ಹಾಳಾಗಲ್ಲ, ಅದಕ್ಕೆ ಜೇಬಿಗೆ ಸಿಕ್ಕಿಸೋ ಕ್ಲಿಪ್ಪು. ನನಗೆ ತಲೆ ಕಾದುಹೋಯಿತು.

"ಕೈಯಲ್ಲಿ ಹಿಡೀದೆ, ಕಣ್ಣಲ್ಲಿ ನೋಡದೆ ಅದು ಒಳ್ಳೇದು ಅಂತ ಹೆಂಗೆ ಹೇಳ್ತೀಯಪ್ಪ?"

"ಮಾವ, ಸಾವಿರಾರು ಜನ ತಗೊಂಡು ಒಳ್ಳೇದು ಅಂತ ಬರೆದಿದ್ದಾರೆ. ಎಲ್ಲಾರೂ ಸುಳ್ಳು ಹೇಳ್ತಾರಾ?"

"ನಿನಗೆ ಹೆಣ್ಣು ಕೊಡೋಕೆ ಮುಂಚೆ ನಾನೂ ಊರೆಲ್ಲ ವಿಚಾರಿಸಿದೆ ಕಣಪ್ಪ. ಎಲ್ಲಾರೂ ಒಳ್ಳೇವನು ಅಂತಲೇ ಅಂದರು."

ಮಗಳು ಅಡುಗೆಮನೆಯಿಂದ ನಗೋದು ನಡುಮನೆಗೆ ಕೇಳಿಸಿತು.  ಅಳಿಯ ಸಿಟ್ಟಿನಲ್ಲಿ, ಫೋನಿನಲ್ಲಿ ಇದ್ದವುಗಳಲ್ಲೇ ಅತಿ ಜೋರಿನದನ್ನ ಒತ್ತಿಬಿಟ್ಟ.

ಹುಳಗಳ ತೀರ್ಪು

ಬಂತು. ಬ್ಯಾಟ್ರಿ ಬೆರಳುದ್ದ, ಅಂಗಿ ಜೇಬಲ್ಲಿ ಇದ್ದದ್ದೇ ಗೊತ್ತಾಗದು. ಒತ್ತಿದರೆ ಜೋರು, ಇನ್ನೊಮ್ಮೆ ಒತ್ತಿದರೆ ಆರಿತು. ಕುಣಿತ ಗಿಣಿತ ಇಲ್ಲ. ನಮ್ಮ ಹಿತ್ತಲಿಂದ ಬಿಟ್ಟರೆ ಆ ಬೆಳಕು ನಂದಿಬೆಟ್ಟದವರೆಗೂ ಹೋಗಿ, ಅಲ್ಲಿ ಸ್ವಲ್ಪ ಕೂತು ಸುಧಾರಿಸಿಕೊಂಡು ವಾಪಸ್ಸು ಬಂತು. ನಾನೇ ಕಣ್ಣಾರೆ ಕಂಡಿದ್ದೇನೆ. ಹೆಂಡತಿ ಜೇಬು ಮುಟ್ಟಿ ನೋಡಿದಳು, ಹುಬ್ಬೇರಿಸಿದಳು. "ಬನ್ನಿ ಒಳಗೆ" ಅಂದಳು.

ಅವತ್ತು ಬೆಳಗ್ಗೆ ತಾನೇ, ಮೇವು ಬಿಟ್ಟು ಗೂಡು ಕಟ್ಟೋ ಹಾಗೆ ಹಣ್ಣಾದ ಹುಳಗಳನ್ನ ಚಂದ್ರಿಕೆಗೆ ಬಿಟ್ಟಿದ್ದಳು. ಚಂದ್ರಿಕೆ ಅಂದರೆ ಹುಳ ಗೂಡು ಕಟ್ಟೋ ಬಿದಿರಿನ ತಟ್ಟಿ. ಆ ಎರಡು ದಿನ ಹುಳಕ್ಕೆ ನೆಮ್ಮದಿ ಬೇಕು, ಹಸಿಬಾಣಂತಿಯ ಹಾಗೆ. ಅವಳು ಸೊಪ್ಪಿನ ತೋಟಕ್ಕೆ ಹೋದಳು. ನಾನು ಬ್ಯಾಟ್ರಿಯನ್ನ ಎದುರಿನ ಹಗ್ಗಕ್ಕೆ ಸಿಕ್ಕಿಸಿ, ಸಾಲಾಗಿ ನಿಲ್ಲಿಸಿದ್ದ ಚಂದ್ರಿಕೆಗಳ ಮೇಲೆ ಸರಿಯಾಗಿ ಬೆಳಕು ಬಿಟ್ಟೆ. ಆಹಾ! ಹುಳಗಳು ಜೇನುತುಪ್ಪದ ಹನಿಗಳ ಹಾಗೆ ಕಂಡವು. ಅಷ್ಟರಲ್ಲಿ ಪಕ್ಕದ ಮನೆಯವನು ಕೂಗಿದ, "ಅಣ್ಣ, ಹೊಸ ಬ್ಯಾಟ್ರಿ ಬಂತಂತೆ?" ಜಗಲಿಗೆ ಹೋದೆ. ಶಿಡ್ಲಘಟ್ಟದ ಬಂದ್ ಹೇಳಿದೆ, ಬಾಮೈದ ಕೈ ಮುಗಿದದ್ದು ಹೇಳಿದೆ, ಹಂದಿ ಕಥೆ ಹೇಳಿದೆ. ಕಾಫಿ ಬಂತು. ಹಂದಿ ಕಥೆ ಮತ್ತೊಂದು ಸಲ ಕೇಳಿದ, ಹೇಳದೆ ಇರಲು ಆಗುತ್ತದೆಯೇ?

ಹೊತ್ತು ಏರಿ ಇಳಿದ ಮೇಲೆ ಒಳಗಿಂದ, ತೋಟದಿಂದ ವಾಪಸ್ಸು ಬಂದ ಹೆಂಡತಿಯ ಕೂಗು ಕೇಳಿಸಿತು. ಓಡಿದೆ.

ಬೆಳಕು ಬಿದ್ದ ಜಾಗದಲ್ಲಿ ಒಂದೇ ಒಂದು ಹುಳ ಇಲ್ಲ! ಅಷ್ಟೂ ಹುಳ ತೆವಳಿಕೊಂಡು ಆಚೆ ಅಂಚಿನ ಕತ್ತಲಿಗೆ ಹೋಗಿ, ಒಂದರ ಮೇಲೊಂದು ಬಿದ್ದು, ಜಾತ್ರೆ ಬಸ್ಸಿನ ಹಾಗೆ ತುಂಬಿಕೊಂಡಿದ್ದವು. ಜಾಗ ಸಾಲದೆ ಎರಡೆರಡು ಸೇರಿ ಒಂದೇ ಗೂಡು ಕಟ್ಟೋಕೆ ಶುರು ಮಾಡಿದ್ದವು. ಜೋಡಿ ಗೂಡು! ಅದರಲ್ಲಿ ಎರಡು ನೂಲೂ ಸಿಕ್ಕು, ಮಾರ್ಕೆಟ್ಟಿನಲ್ಲಿ ಆರಿಸಿ ಪಕ್ಕಕ್ಕೆ ಹಾಕುತ್ತಾರೆ.

"ಹಣ್ಣಾದ ಹುಳಕ್ಕೆ ಬೆಳಕು ಬಿಡ್ತಾರೇನ್ರೀ ಯಾರಾದ್ರೂ? ಹೋಬಳಿಗೆಲ್ಲ ಹೇಳಿಕೊಟ್ಟೋರು!"

"ನಾನೇನು ಮಾಡಲಿ? ಅಳಿಯ ತರಿಸಿದ್ದೇ ಅಂಥದ್ದು! ಇಷ್ಟು ಬೆಳಕು ತಡೆಯೋ ಯೋಗ್ಯತೆ ಈಗಿನ ಹುಳಕ್ಕಿಲ್ಲ! ನಮ್ಮ ಕಾಲದ ಹುಳ ಆಗಿದ್ದರೆ..."

 ಅವಳು ಹಗ್ಗದಿಂದ ಬ್ಯಾಟ್ರಿ ತೆಗೆದು ಆರಿಸಿದಳು. ಅಂಗೈಯಲ್ಲಿಟ್ಟು ತೂಕ ನೋಡಿದಳು. ಗೋಡೆ ಮೂಲೆಗೆ ಬಿಟ್ಟು, ತಟ್ಟೆ ಕೆಳಗೆ ಬಿಟ್ಟು, ಇರುವೆ ಬಂದಿದೆಯೇ ಅಂತ ಬಗ್ಗಿ ನೋಡಿದಳು. ಆಮೇಲೆ ಸೆರಗಿಗೆ ಒರೆಸಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು, ನನಗೆ ಬಾಗಿಲು ತೋರಿಸಿದಳು.

"ಬ್ಯಾಟ್ರಿ ಪಾಸು. ನೀವು ಫೇಲು."

ಜಗಲಿ ಮೇಲೆ ಕೂತು ಇದನ್ನ ಹೇಳುತ್ತಿದ್ದೇನೆ. ಹುಟ್ಟಿದಾಗಿನಿಂದ ಸ್ಕೂಲಿನ ಬಾಗಿಲು ತುಳಿಯದ ಮನುಷ್ಯನನ್ನ ಕೂರಿಸಿ ಫೇಲು ಮಾಡೋದು ಯಾವ ನ್ಯಾಯ, ನೀವೇ ಹೇಳಿ!