ಎರಡನೇ ಸಂದಿನ ರೋಗ

ರೆಡಿಮೇಡ್ ಸಾಮಾನು ಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅಂಗಡಿಯ ಹೋಳಿಗೆ ತಿನ್ನುವವರು, ಅಂಗಡಿಯ ಮಸಾಲೆಪುಡಿ ತರುವವರು, ಇವರಿಗೆಲ್ಲ ದೇವರು ಎರಡೆರಡು ಕೈ ಯಾಕೆ ಕೊಟ್ಟನೋ! ಇವರಲ್ಲೆಲ್ಲ ಕಡೆಯವರೆಂದರೆ ಬಣ್ಣದ ಪೆಟ್ಟಿಗೆಯಲ್ಲಿ ಕಂಪ್ಯೂಟರು ಹೊತ್ತು ತಂದು, ಒಳಗೇನಿದೆಯೆಂದು ಒಮ್ಮೆಯೂ ಬಿಚ್ಚಿ ನೋಡದೆ, ಮೇಲೊಂದು ಕಸೂತಿ ಬಟ್ಟೆ ಹೊದಿಸಿ ಇಡುವವರು. ಲಕ್ಷ್ಮೇಶ್ವರದ ನನ್ನ ಷಡ್ಡಕ ಈರಣ್ಣ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಈ ಪೈಕಿಯವನು.

ಅವನು ಕಂಪ್ಯೂಟರು ತಂದ ಸುದ್ದಿ ಕೇಳಿದ್ದೇ ತಡ, ನಾನು ಗದಗಿನ ಅಂಗಡಿಯೊಂದರಿಂದ ಬಿಡಿಭಾಗಗಳನ್ನು ಆರಿಸಿ ತಂದು ಬೆಟಗೇರಿಯ ನಮ್ಮ ಪಡಸಾಲೆಯಲ್ಲಿ ಹರವಿಕೊಂಡು ಕೂತೆ. ಮಗ್ಗ ಬಿಚ್ಚಿ ಜೋಡಿಸುವ ಮನೆಯಲ್ಲಿ ಹುಟ್ಟಿದವನಿಗೆ ಇದೇನು ಮಹಾ? ಸಂಜೆಯೊಳಗೆ ಪೆಟ್ಟಿಗೆ ಗುಂಯ್ ಎಂದಿತು. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಸೀರೆ ಅಂಚಿನ ನಮೂನೆಗಳನ್ನು ಚೌಕುಳಿ ಹಾಳೆಯ ಮೇಲೆ ಬರೆಯುತ್ತಿದ್ದ ಹೆಂಡತಿ ಶಾಂತಾಳನ್ನು ಎಬ್ಬಿಸಿ ತಂದು ಅದರ ಮುಂದೆ ಕೂಡಿಸಿದೆ. ಅವಳ ಹಾಳೆಗಳನ್ನು, ಈ ಕಾಲದಲ್ಲಿ ಇದೆಂಥ ಹುಚ್ಚು ಎಂದು ನಕ್ಕು, ಒಲೆಗೆ ಹಾಕಿದೆ. ಪಾಪ, ಅವಳೂ ಕಲಿತಳು. ಈರಣ್ಣನ ಮಗಳ ಮದುವೆಯ ಸೀರೆ ನಮ್ಮ ಮನೆಯಲ್ಲೇ ಆಗಬೇಕಿತ್ತು. ಮಗ್ಗಕ್ಕೆ ಹಾಸಿನ ಉದ್ದನೂಲು ಏರಿಸಿಯಾಗಿತ್ತು. ಅಂಚಿಗೆಂದು ಅವಳು ತಾನೇ ಕಲ್ಪಿಸಿದ ಒಂದು ರುದ್ರಾಕ್ಷಿ ನಮೂನೆಯನ್ನು ಕಂಪ್ಯೂಟರಿನಲ್ಲಿ ಬರೆಯತೊಡಗಿದಳು.

ನಮೂನೆ ಮುಗಿಯುತ್ತ ಬಂದಾಗ ಪರದೆ ನೀಲಿಯಾಯಿತು. ಮೆಮರಿಯಲ್ಲಿ ದೋಷವಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ ಕಂಪ್ಯೂಟರು ಕಣ್ಣು ಮುಚ್ಚಿತು. ಮತ್ತೆ ಎಬ್ಬಿಸಿ ನೋಡಿದರೆ ಫೈಲಿನಲ್ಲಿ ಅರ್ಧ ಅಂಚಿತ್ತು, ಉಳಿದರ್ಧ ಬಣ್ಣಬಣ್ಣದ ಕಸ. ನೂಲು ಏರಿಸಿಕೊಂಡು ಕಾದು ನಿಂತ ಮಗ್ಗವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಶಾಂತಾ ಅಡುಗೆಮನೆಗೆ ಹೋದಳು.

ಆಮೇಲೆ ಬುದ್ಧಿ ಹೇಳುವವರ ಕಾಟ. ಮುಂಡರಗಿಯ ನನ್ನ ಚಿಕ್ಕಪ್ಪನ ಮಗನಿಗೆ ಗೊತ್ತಿರುವುದು ಒಂದೇ ಮದ್ದು, ವಿಂಡೋಸ್ ಅಳಿಸಿ ಹೊಸದಾಗಿ ಹಾಕುವುದು. ಅವನ ಮನೆಯ ಫ್ಯಾನು ನಿಂತರೂ ಅದನ್ನೇ ಹೇಳುತ್ತಾನೇನೋ. ವಿಡಿಯೋ ಪಂಡಿತನೊಬ್ಬ ತನ್ನ ಚಾನೆಲ್ಲಿನ ಕೀರ್ತಿಯನ್ನೇ ಹಾಡಿ, ರೋಗದ ಹೆಸರು ಬರುವಷ್ಟರಲ್ಲಿ ವಿಡಿಯೋ ಮುಗಿಸಿದ. ಎಲ್ಲಕ್ಕೂ ಮಿಗಿಲಾಗಿ ಈರಣ್ಣ ಫೋನು ಮಾಡಿದ: "ಅಣ್ಣಾರ, ಆ ರ‍್ಯಾಮ್ ಪಟ್ಟಿ ಹೊರಗ ತಗದು, ಸಾಲಿ ಹುಡುಗರ ರಬ್ಬರ ಇರತೈತಲ್ಲ, ಅದರ್ಲೆ ಒಂದೀಟು ತಿಕ್ಕಿ ನೋಡ್ರಿ." ತನ್ನ ಪೆಟ್ಟಿಗೆಯ ಮುಚ್ಚಳ ತೆಗೆಯದ ಮಹಾನುಭಾವ ನನ್ನ ಪಟ್ಟಿ ತಿಕ್ಕಲು ಹೇಳುತ್ತಾನೆ! ನಕ್ಕು ಫೋನು ಇಟ್ಟೆ.

ನಾನು ಶಾಸ್ತ್ರೋಕ್ತವಾಗಿ ಹೊರಟೆ. ಮೆಮರಿಯ ಎರಡು ಪಟ್ಟಿಗಳಲ್ಲಿ ಒಂದನ್ನು ಕಿತ್ತು, ಒಂದನ್ನೇ ಇಟ್ಟು ಪರೀಕ್ಷೆ ಹಚ್ಚಿದೆ. ಬೋರ್ಡಿನಲ್ಲಿ ಪಟ್ಟಿ ಕೂರುವ ಸಂದುಗಳು ಎರಡು. ಮೊದಲ ಸಂದಿನಲ್ಲಿ ಯಾವ ಪಟ್ಟಿಯಿಟ್ಟರೂ ತೇರ್ಗಡೆ, ಎರಡನೇ ಸಂದಿನಲ್ಲಿ ಯಾವುದಿಟ್ಟರೂ ಪರದೆಯ ತುಂಬ ದೋಷದ ಕೆಂಪು ಸಾಲು. ಅಂದಮೇಲೆ ರೋಗ ಪಟ್ಟಿಯದಲ್ಲ, ಬೋರ್ಡಿನದು. ಗದಗಿನ ಅಂಗಡಿಯವನು ನನಗೆ ಟೊಪ್ಪಿಗೆ ಹಾಕಿದ್ದಾನೆ! ಅವನ ಏಳು ತಲೆಮಾರನ್ನು ಹೇಗೆ ಬೈಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡೆ.

ಅಷ್ಟರಲ್ಲಿ ಈರಣ್ಣನೇ ಅಂಚಿನ ನಮೂನೆ ನೋಡಲು ಬಂದುಬಿಟ್ಟ. ಅವನನ್ನು ಚಹಾ ಕೊಟ್ಟು ಕಟ್ಟೆಯ ಮೇಲೆ ಕೂಡಿಸಿ, ಒಳಗೆ ಶಾಂತಾಳ ಕೈಗೆ ಬ್ಯಾಟರಿ ದೀಪ ಕೊಟ್ಟು ಬೋರ್ಡಿನೊಳಕ್ಕೆ ಇಣುಕಿದೆ. ಎರಡನೇ ಸಂದು ಮಿರಿಮಿರಿ ಮಿಂಚುತ್ತಿತ್ತು. ಮುಟ್ಟಿ ಮೂಸಿದೆ, ಎಣ್ಣೆ! ಅದರ ಮೇಲೆ ನಮ್ಮೂರಿನ ಗಾಳಿಯಲ್ಲಿ ಸದಾ ತೇಲುವ ಅರಳೆಯ ಧೂಳು ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಯಾರೋ ಬಳಸಿ ಬಿಟ್ಟ ಬೋರ್ಡನ್ನು ನನಗೆ ಹೊಸದೆಂದು ಕೊಟ್ಟಿದ್ದಾನೆ, ಕಳ್ಳ. ಅಂಗಡಿಗೆ ಫೋನು ಹಚ್ಚಿದೆ. ಶಾಂತಾ ಮೆಲ್ಲಗೆ ನನ್ನ ಕೈ ಹಿಡಿದಳು.

"ಅವರಿಗೇನೂ ಅನಬ್ಯಾಡ್ರಿ. ಎರಡನೇ ಪಟ್ಟಿ ಬಾಳ ಬಿಗಿ ಐತಿ, ಒಂದ ಹನಿ ಬಿಟ್ರ ಸರಾಗ ಕುಂಡ್ರತೈತಿ ಅಂತ ಜೋಡಸೂ ದಿನ ನೀವ ಮಗ್ಗದ ಎಣ್ಣಿ ಡಬ್ಬಿ ತರಿಸ್ಕೊಂಡಿದ್ರಿ. ತಂದು ಕೊಟ್ಟಾಕಿ ನಾನ."

ನಮ್ಮಪ್ಪ ದಿನಾ ಮುಂಜಾನೆ ಮಗ್ಗಕ್ಕೆ ಎಣ್ಣೆ ಬಿಡದೆ ಚಹಾ ಕುಡಿದವನಲ್ಲ. ಬಿಗಿಯಾದದ್ದು ಕಂಡರೆ ನಮ್ಮ ಮನೆಯ ಕೈ ತಾನಾಗಿಯೇ ಡಬ್ಬಿಯ ಕಡೆ ಹೋಗುತ್ತದೆ. ಇದನ್ನೆಲ್ಲ ಅಂಗಡಿಯವನಿಗೆ ಹೇಗೆ ವಿವರಿಸುವುದು? ಅವನು ಹಲೋ ಹಲೋ ಅನ್ನುತ್ತಿದ್ದಂತೆ ಫೋನು ಬಂದ್ ಮಾಡಿದೆ. ಸ್ಪಿರಿಟ್ಟಿನಿಂದ ಸಂದು ತೊಳೆದು ಒಣಗಿಸಿದೆ. ಆಮೇಲೆ ಕಟ್ಟೆಗೆ ಬೆನ್ನು ಹಾಕಿ, ಶಾಂತಾ ತಂದಿಟ್ಟ ಅಳಿಸುವ ರಬ್ಬರಿನಿಂದ ಎರಡೂ ಪಟ್ಟಿಗಳನ್ನು ತಿಕ್ಕಿದೆ. ಪರೀಕ್ಷೆಯಲ್ಲಿ ಒಂದೂ ಕೆಂಪು ಸಾಲು ಬರಲಿಲ್ಲ. ಏನಾಗಿತ್ತು ಎಂದು ಈರಣ್ಣ ಹೊರಗಿನಿಂದ ಕೇಳಿದ. ನಾನು ಪೆಟ್ಟಿಗೆಯ ಮುಚ್ಚಳದ ತಿರುಪು ಬಿಗಿಯತೊಡಗಿದೆ. "ಧೂಳ ಕುಂತಿತ್ತಂತ," ಅಂದಳು ಶಾಂತಾ.

ಅವಳು ನಮೂನೆಯನ್ನು ಮತ್ತೆ ಮೊದಲಿನಿಂದ ಬರೆದಳು. ಸೀರೆ ಹೊತ್ತಿಗೆ ಸರಿಯಾಗಿ ಮಗ್ಗದಿಂದ ಇಳಿಯಿತು, ಅಂಚನ್ನು ಬೀಗರೂ ಹೊಗಳಿದರಂತೆ. ಮೊನ್ನೆ ಈರಣ್ಣ ತನ್ನ ಕಂಪ್ಯೂಟರಿಗೂ ಧೂಳು ಕೂತಿದೆ, ಬಂದು ನೋಡಬೇಕು ಎಂದು ಬಹಳ ವಿನಯದಿಂದ ಕೇಳಿಕೊಂಡ. ರೆಡಿಮೇಡಿನವರ ಹಣೆಬರಹವೇ ಇಷ್ಟು ಎಂದು ನಿಟ್ಟುಸಿರಿಟ್ಟು, ಹತಾರಗಳ ಚೀಲ ಹೆಗಲಿಗೇರಿಸಿ ಲಕ್ಷ್ಮೇಶ್ವರಕ್ಕೆ ಹೊರಟೆ. ಶಾಂತಾ ಬಾಗಿಲಲ್ಲಿ ಅಡ್ಡ ನಿಂತಳು. ಚೀಲ ಇಸಿದುಕೊಂಡು, ಒಳಗೆ ಕೈ ಹಾಕಿ, ತಳದಿಂದ ಎಣ್ಣೆ ಡಬ್ಬಿ ತೆಗೆದು ತನ್ನ ಹತ್ತಿರ ಇಟ್ಟುಕೊಂಡು ಚೀಲವನ್ನಷ್ಟೇ ಹಿಂದೆ ಕೊಟ್ಟಳು. ಅದನ್ನು ನಾನು ಯಾವಾಗ ಇಟ್ಟುಕೊಂಡಿದ್ದೆನೋ, ದೇವರಾಣೆ, ನನಗೇ ಗೊತ್ತಿಲ್ಲ.